ಇಂಡೋನೇಷ್ಯಾದಲ್ಲಿ ಎಕ್ಸ್‌ಚೇಂಜ್ ಸೆಮಿಸ್ಟರ್: ಊಟದ ಚಿಂತೆ ಬಿಡಿ, ಸಹಿಯ ಚಿಂತೆ ಮಾಡಿ

ಸಿವಿಲ್ ಇಂಜಿನಿಯರಿಂಗ್, ಐದನೇ ಸೆಮಿಸ್ಟರ್, ಸಸ್ಯಾಹಾರಿ, ಕೈಯಲ್ಲಿ ಇಂಡೋನೇಷ್ಯಾದ ಯೂನಿವರ್ಸಿಟಿಯಲ್ಲಿ ಒಂದು ಸೆಮಿಸ್ಟರ್ ಓದುವ ಆಫರ್. ಬಾಲಿಗೆ ಹೋಗಲಾ ಯೋಗ್ಯಕರ್ತಕ್ಕಾ, ಊಟಕ್ಕೆ ಏನು ಗತಿ, ಸುಮ್ನೆ ಯುರೋಪಿಗೇ ಕಾಯೋದು ಒಳ್ಳೇದಾ ಅಂತ ಕೇಳಿದ್ದೀರಿ. 2023ರಲ್ಲಿ ನಾನೂ ಇದೇ ಮೂರು ಪ್ರಶ್ನೆ ಹಿಡಿದುಕೊಂಡು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ನಾಲ್ಕನೇದೊಂದು ಇತ್ತು, ಅಲ್ಲಿ ಓದಿದ್ದನ್ನು ನಮ್ಮ ಕಾಲೇಜು ಒಪ್ಪುತ್ತಾ ಅನ್ನೋದು. ಅದನ್ನು ಕೇಳಲಿಲ್ಲ. ಅದರಿಂದ ಕ್ಯಾಂಪಸ್ ಪ್ಲೇಸ್‌ಮೆಂಟ್ ಕೈತಪ್ಪಿತು.

ನಾನು ಹೋಗಿದ್ದು ಜಾವಾ ದ್ವೀಪದ ಯೋಗ್ಯಕರ್ತಕ್ಕೆ. ಅಲ್ಲಿನವರು ಜೋಗ್ಜಾ ಅನ್ನುತ್ತಾರೆ. ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಅವರಲ್ಲಿ ಗಾಸಾಲ್ ಅಂತ ಹೆಸರು, ಫೆಬ್ರವರಿಯದಕ್ಕೆ ಗೆನಾಪ್. ಈ ಎರಡು ಹೆಸರು ಈಗಲೇ ಬರೆದಿಟ್ಟುಕೊಳ್ಳಿ. ನನ್ನ ಕಥೆಯೆಲ್ಲ ಅದರಲ್ಲೇ ಇದೆ.

ಹೊರಡುವ ಮುಂಚೆ ಒಂದು ಫಾರ್ಮ್ ತುಂಬಬೇಕು, ನಿಮಗೂ ಕೊಟ್ಟಿರುತ್ತಾರೆ. ಎಡಗಡೆ ನಮ್ಮ ಕಾಲೇಜಿನ ಐದು ಸಬ್ಜೆಕ್ಟ್, ಬಲಗಡೆ ಅವಕ್ಕೆ ಸಮನಾದ ಅಲ್ಲಿನ ಐದು. ನಾನು ಅಲ್ಲಿನ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳ ಪಟ್ಟಿ ತೆಗೆದು, ಹೆಸರು ನೋಡಿ ಜೋಡಿಸಿದೆ. ಹೈಡ್ರಾಲಜಿಗೆ ಹೈಡ್ರಾಲಜಿ, ಜಿಯೋಟೆಕ್ನಿಕಲ್‌ಗೆ ಜಿಯೋಟೆಕ್ನಿಕಲ್, ಆರ್‌ಸಿಸಿ ಡಿಸೈನ್‌ಗೆ ಆರ್‌ಸಿಸಿ ಡಿಸೈನ್. ಒಂದೇ ಸಂಜೆಯಲ್ಲಿ ಮುಗಿಸಿದೆ. ಆ ಪಟ್ಟಿ ಇಡೀ ವರ್ಷದ್ದು. ಪ್ರತಿ ಕೋರ್ಸಿನ ಮುಂದೆ ಗಾಸಾಲ್ ಅಥವಾ ಗೆನಾಪ್ ಅಂತ ಬರೆದಿತ್ತು. ಅದೇನು ಅಂತ ನಾನು ಹುಡುಕಲಿಲ್ಲ. ಆರ್‌ಸಿಸಿ ಮತ್ತು ಟ್ರಾನ್ಸ್‌ಪೋರ್ಟೇಷನ್, ಎರಡೂ ಗೆನಾಪ್. ನಾನು ಹೊರಟಿದ್ದು ಗಾಸಾಲ್‌ಗೆ.

ಅಲ್ಲಿಗೆ ಹೋದ ಮೊದಲ ವಾರವೇ ಕೆಆರ್‌ಎಸ್. ಆ ಸೆಮಿಸ್ಟರ್‌ಗೆ ಏನೇನು ಓದುತ್ತೀರಿ ಅಂತ ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್ ಅದು. ಲಾಗಿನ್ ಆಗಿ ನೋಡಿದರೆ ನನ್ನ ಎರಡು ಸಬ್ಜೆಕ್ಟ್ ಕಾಣುತ್ತಲೇ ಇಲ್ಲ. ಇಂಟರ್‌ನ್ಯಾಷನಲ್ ಆಫೀಸಿನ ಮ್ಬಾಕ್ (ಅಕ್ಕ ಅಂದ ಹಾಗೆ, ಅಲ್ಲಿ ಹೆಣ್ಣುಮಕ್ಕಳನ್ನು ಹಾಗೇ ಕರೆಯೋದು) ತುಂಬಾ ಒಳ್ಳೆಯವರು. ಪಕ್ಕದಲ್ಲೇ ಕೂತು ಬೇರೆ ಎರಡು ಹುಡುಕಿಕೊಟ್ಟರು. ಒಂದು ಭೂಕಂಪ ತಾಳಿಕೊಳ್ಳುವ ಕಟ್ಟಡಗಳ ಬಗ್ಗೆ, ಇನ್ನೊಂದು ಜ್ವಾಲಾಮುಖಿ ನದಿಗಳಲ್ಲಿ ಕೊಚ್ಚಿಬರುವ ಕಲ್ಲು ಮಣ್ಣನ್ನು ತಡೆಯುವ ಬಗ್ಗೆ. ಅಲ್ಲಿನ ಮಟ್ಟಿಗೆ ಎಲ್ಲ ಸರಿಯಾಗೇ ಇತ್ತು.

ಇಲ್ಲಿಯ ಮಟ್ಟಿಗೆ ಇರಲಿಲ್ಲ. ಕೋರ್ಸ್ ಬದಲಾದರೆ ಆ ಫಾರ್ಮಿನ ಎರಡನೇ ಪುಟ ತುಂಬಿ, ನಾನು, ನಮ್ಮ ಕಾಲೇಜು, ಅಲ್ಲಿನ ಯೂನಿವರ್ಸಿಟಿ, ಮೂರು ಕಡೆಯವರೂ ಮತ್ತೆ ಸಹಿ ಹಾಕಬೇಕು. ನಾನು ಮಾಡಿದ್ದು ಇಷ್ಟೇ: ನಮ್ಮ ಕಾಲೇಜಿನ ಕೋಆರ್ಡಿನೇಟರ್ ಸರ್‌ಗೆ ವಾಟ್ಸಾಪ್ ಮಾಡಿದೆ. ಅವರು ಪ್ರೀತಿಯಿಂದ "ಆಯ್ತಮ್ಮ, ತಗೋ, ಬಂದ ಮೇಲೆ ನೋಡೋಣ" ಅಂತ ವಾಯ್ಸ್ ನೋಟ್ ಕಳಿಸಿದರು. ನನಗೆ ಅಷ್ಟೇ ಸಾಕಾಯಿತು. ಎರಡನೇ ಪುಟ ಫೈಲಿನಲ್ಲಿ ಖಾಲಿಯಾಗೇ ಉಳಿಯಿತು.

ನಾನು ವಾಪಸ್ ಬರುವಷ್ಟರಲ್ಲಿ ಆ ಸರ್ ಬೇರೆ ಕಾಲೇಜಿಗೆ ಹೋಗಿದ್ದರು. ಪರೀಕ್ಷಾ ವಿಭಾಗದವರ ಕೈಯಲ್ಲಿದ್ದಿದ್ದು ಮೊದಲ ಪುಟ ಮಾತ್ರ. ಅದರಲ್ಲಿ ಆರ್‌ಸಿಸಿ ಅಂತಿದೆ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೇನೋ ಇದೆ. ವಾಯ್ಸ್ ನೋಟ್ ಕೇಳಿಸಿದೆ. ಅದು ದಾಖಲೆ ಅಲ್ಲ ಅಂದರು. ಅವರು ಹೇಳಿದ್ದು ಸರಿ. ಕೂಗಾಡಿ ಪ್ರಯೋಜನ ಇರಲಿಲ್ಲ.

ಇಲ್ಲಿ ಇನ್ನೊಂದು ಮಾತು ಬಿಡಿಸಿ ಹೇಳಲೇಬೇಕು. ಆರ್‌ಸಿಸಿ, ಟ್ರಾನ್ಸ್‌ಪೋರ್ಟೇಷನ್ ಎರಡರಲ್ಲೂ ನಾನು ಫೇಲ್ ಆಗಿರಲಿಲ್ಲ. ಫೇಲ್ ಆಗಿದ್ದರೆ ಸಪ್ಲಿಮೆಂಟರಿ ಬರೆದು ಎರಡು ತಿಂಗಳಲ್ಲಿ ಮುಗಿಸಬಹುದಿತ್ತು. ನನ್ನದು ತಗೊಂಡೇ ಇಲ್ಲ ಅನ್ನುವ ಲೆಕ್ಕ. ತಗೊಳ್ಳದ ಸಬ್ಜೆಕ್ಟ್‌ಗೆ ಹಾಜರಾತಿ ಇಲ್ಲ, ಇಂಟರ್ನಲ್ಸ್ ಇಲ್ಲ. ಪೂರ್ತಿ ಮತ್ತೆ ರಿಜಿಸ್ಟರ್ ಮಾಡಿ ಕ್ಲಾಸಿನಲ್ಲಿ ಕೂರಬೇಕು. ನಮ್ಮಲ್ಲಿ ಅವೆರಡೂ ಆಗಸ್ಟ್ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುತ್ತವೆ. ಅಂದರೆ ಏಳನೇ ಸೆಮಿಸ್ಟರ್‌ನಲ್ಲಿ ಜೂನಿಯರ್‌ಗಳ ಜೊತೆ ಕೂತು, ಡಿಸೆಂಬರ್‌ನಲ್ಲಿ ಪರೀಕ್ಷೆ. ಕಂಪನಿಗಳು ಕ್ಯಾಂಪಸ್‌ಗೆ ಬಂದಿದ್ದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಎಲ್ಲರ ನೋಟಿಸಿನಲ್ಲೂ ಒಂದೇ ಸಾಲು, ಬ್ಯಾಕ್‌ಲಾಗ್ (ಬಾಕಿ ಸಬ್ಜೆಕ್ಟ್) ಇರಬಾರದು. ನನ್ನ ಹೆಸರಿನ ಮುಂದೆ ಎರಡಿತ್ತು. ಒಂದು ಕಂಪನಿಯ ಟೆಸ್ಟಿಗೂ ಕೂರಲು ಬಿಡಲಿಲ್ಲ.

ಆರ್‌ಸಿಸಿ ಗಾಸಾಲ್‌ನಲ್ಲೇ ಸಿಕ್ಕಿದ್ದರೂ ತೊಂದರೆ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ನಾವು ಕಾಂಕ್ರೀಟ್ ಡಿಸೈನ್ ಮಾಡೋದು ಐಎಸ್ 456 ಅನ್ನುವ ನಮ್ಮ ದೇಶದ ಕೋಡ್ ಬುಕ್ (ನಿಯಮಗಳ ಪುಸ್ತಕ) ಹಿಡಿದುಕೊಂಡು. ಅವರದು ಎಸ್‌ಎನ್‌ಐ 2847, ಅಮೆರಿಕದ ಎಸಿಐ 318 ನೋಡಿ ಮಾಡಿಕೊಂಡಿದ್ದು. ಸಬ್ಜೆಕ್ಟ್ ಹೆಸರು ಒಂದೇ, ಒಳಗಿನ ಲೆಕ್ಕ ಬೇರೆ. ಸಿಲೆಬಸ್ ಪಕ್ಕಪಕ್ಕ ಇಟ್ಟು ನೋಡುವ ಮೇಷ್ಟ್ರು ಇದನ್ನು ಒಪ್ಪೋದು ಕಷ್ಟ. ಅದಕ್ಕೇ ಹೇಳ್ತೀನಿ, ಕೋಡ್ ಬುಕ್ ಬೇಕಾಗುವ ಡಿಸೈನ್ ಸಬ್ಜೆಕ್ಟನ್ನು ಎಕ್ಸ್‌ಚೇಂಜ್‌ಗೆ ಹಾಕಲೇಬೇಡಿ. ಅದನ್ನು ಮುಂದಕ್ಕೆ ತಳ್ಳಿ ಇಲ್ಲೇ ಓದಲು ಆಗುತ್ತಾ ಅಂತ ಹೆಚ್‌ಒಡಿಯನ್ನು (ವಿಭಾಗದ ಮುಖ್ಯಸ್ಥರನ್ನು) ಕೇಳಿ. ಅಲ್ಲಿಗೆ ಹೈಡ್ರಾಲಜಿ, ಮಣ್ಣು, ಎಲೆಕ್ಟಿವ್ ತಗೊಂಡು ಹೋಗಿ.

ಹಾಗಾದರೆ ಹೋಗೋದೇ ಬೇಡವಾ? ಹೋಗಿ. ಖಂಡಿತ ಹೋಗಿ. ಇಷ್ಟೆಲ್ಲ ಆದ ಮೇಲೂ ನನ್ನ ನಾಲ್ಕು ವರ್ಷದಲ್ಲಿ ನಾನು ನಿಜವಾಗಿ ಏನಾದರೂ ಕಲಿತಿದ್ದರೆ ಅದು ನಮ್ಮ ಕಾಲೇಜು ಒಪ್ಪದ ಆ ಕೋರ್ಸಿನಲ್ಲಿ.

ಜೋಗ್ಜಾದಿಂದ ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರಿಗೆ ಮೆರಾಪಿ. ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆ ರಸ್ತೆಯಿಂದಲೇ ಕಾಣುತ್ತದೆ. ಇಂಡೋನೇಷ್ಯಾದಲ್ಲಿ ಅತಿ ಜಾಸ್ತಿ ಸಿಡಿಯುವ ಜ್ವಾಲಾಮುಖಿಗಳಲ್ಲಿ ಅದೂ ಒಂದು. 2010ರಲ್ಲಿ ಸಿಡಿದಾಗ 350ಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಕಾವಲುಗಾರ ಅಂತ ಜನ ನಂಬಿದ್ದ ಎಂಬಾಹ್ ಮರಿಜಾನ್ ಕೂಡ ಊರು ಬಿಡಲು ಒಪ್ಪದೆ ಅಲ್ಲೇ ಸತ್ತರು. ಸಿಡಿದಾಗ ಮಾತ್ರ ಅಪಾಯ ಅಂತ ನಾನು ಅಂದುಕೊಂಡಿದ್ದೆ. ಆದರೆ ಇಳಿಜಾರಿನಲ್ಲಿ ಕೂತ ಬೂದಿ, ಮರಳು, ಬಂಡೆ ಆಮೇಲೆ ಮಳೆ ಬಂದಾಗಲೆಲ್ಲ ಕೆಸರಾಗಿ ನದಿಗೆ ಇಳಿಯುತ್ತದೆ. ಅದಕ್ಕೆ ಲಾಹಾರ್ ಅನ್ನುತ್ತಾರೆ. 2011ರ ಜನವರಿಯಲ್ಲಿ ಕಾಲಿ ಪುತಿಹ್ ನದಿಯಲ್ಲಿ ಬಂದ ಲಾಹಾರ್ ಜೋಗ್ಜಾ–ಮಾಗೆಲಾಂಗ್ ಹೆದ್ದಾರಿಯನ್ನೇ ಮುಚ್ಚಿತ್ತು.

ನಮ್ಮ ಪಾಕ್ (ಮೇಷ್ಟ್ರನ್ನು ಹಾಗೇ ಕರೆಯೋದು) ಕ್ಲಾಸಿನಲ್ಲಿ ಕೂರಿಸಿದ್ದಕ್ಕಿಂತ ನದಿಗೆ ಇಳಿಸಿದ್ದೇ ಜಾಸ್ತಿ. ಅಲ್ಲಿ ಸಾಬೋ ಅನ್ನುವ ಅಡ್ಡಗೋಡೆಗಳಿವೆ, ಜಪಾನಿನವರ ಸಹಾಯದಿಂದ ಬಂದ ವಿದ್ಯೆ. ನೀರು ನಿಲ್ಲಿಸುವ ಅಣೆಕಟ್ಟು ಅಲ್ಲ. ಕೆಲವದರಲ್ಲಿ ನಡುವೆ ಸೀಳು ಬಿಟ್ಟಿರುತ್ತಾರೆ. ನೀರು, ಸಣ್ಣ ಮರಳು ದಾಟಿ ಹೋಗುತ್ತದೆ, ಬಂಡೆ ಸಿಕ್ಕಿಹಾಕಿಕೊಳ್ಳುತ್ತದೆ, ಹರಿವಿನ ವೇಗ ಕಮ್ಮಿಯಾಗುತ್ತದೆ. ನಾನು ನೋಡಿದ ಒಂದರ ಹಿಂದೆ ಆಟೋ ಗಾತ್ರದ ಕಪ್ಪು ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಕೆಳಗಡೆ ಲಾರಿಗಳು ಸಾಲಾಗಿ ನಿಂತು ಮರಳು ತುಂಬಿಕೊಳ್ಳುತ್ತಿದ್ದವು. ಗೋಡೆಯ ಬುಡದಲ್ಲಿ ಮರಳು ತೆಗೆದು ತೆಗೆದು ಅಡಿಪಾಯವೇ ಹೊರಗೆ ಕಾಣುತ್ತಿತ್ತು. ಪಾಕ್ ಅದನ್ನು ಕೈಯಿಂದ ಮುಟ್ಟಿ ತೋರಿಸಿ, ಮುಂದಿನ ಲಾಹಾರ್ ಬಂದರೆ ಇದು ಯಾಕೆ ಬೀಳುತ್ತದೆ ಅಂತ ನಮ್ಮಿಂದಲೇ ಲೆಕ್ಕ ಹಾಕಿಸಿದರು.

2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ, ಗಂಗಾವಳಿ ನದಿಗೆ ಬಿತ್ತಲ್ಲ, ಆಗ ನಾನು ಮನೆಯಲ್ಲಿದ್ದೆ. ಟಿವಿಯಲ್ಲಿ ಆ ಮಣ್ಣಿನ ರಾಶಿ ನೋಡುತ್ತಾ ಹಿಂದೆಂದೂ ಬರದ ಪ್ರಶ್ನೆಗಳು ಬಂದವು. ಬುಡ ಎಷ್ಟು ಕಡಿದಿದ್ದರು, ನೀರು ಎಲ್ಲಿಂದ ಇಳಿಯುತ್ತಿತ್ತು, ಮೇಲೆ ಇನ್ನೂ ಎಷ್ಟು ಸಡಿಲ ಇದೆ. ಈಗ ನಾನು ಕೆಲಸ ಮಾಡೋದು ಇಂಥದ್ದೇ ಗುಡ್ಡಗಳ ಜಾಗದಲ್ಲಿ, ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ. ಕ್ಯಾಂಪಸ್‌ನಿಂದ ಸಿಕ್ಕಿದ್ದಲ್ಲ. ಕಾಲೇಜು ಮುಗಿದ ಮೇಲೆ ತಿಂಗಳುಗಟ್ಟಲೆ ಅಲೆದು ಸಿಕ್ಕಿದ್ದು. ಆ ತಿಂಗಳುಗಳಲ್ಲಿ ಅಪ್ಪನ ಹತ್ತಿರ ಬಸ್ ಚಾರ್ಜಿಗೂ ದುಡ್ಡು ಕೇಳಬೇಕಾಗಿತ್ತು. ಆ ಖಾಲಿ ಪುಟದ ಬೆಲೆ ಅದು. ನಿಮಗೆ ಅದು ಬರಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೀನಿ.

ಈಗ ನಿಮ್ಮ ಪ್ರಶ್ನೆಗಳು.

ಬಾಲಿ ಬೇಡ. ಬಾಲಿ ಕೆಟ್ಟದ್ದು ಅಂತಲ್ಲ, ಡೆನ್‌ಪಸಾರ್‌ನಲ್ಲಿ ಒಳ್ಳೆ ಯೂನಿವರ್ಸಿಟಿಯೂ ಇದೆ. ಆದರೆ ಅಲ್ಲಿಗೆ ಹೋದ ನನ್ನ ಪರಿಚಯದವರೆಲ್ಲ ವಿದೇಶಿಯರ ಜೊತೆಯೇ ಓದಿ, ವಿದೇಶಿಯರ ಜೊತೆಯೇ ಬಾಡಿಗೆ ಮನೆ ಮಾಡಿ, ಭಾಷೆ ಬಾರದೆಯೇ ವಾಪಸ್ ಬಂದರು. ಜೋಗ್ಜಾ ವಿದ್ಯಾರ್ಥಿಗಳ ಊರು. ಅಲ್ಲಿ ಕೋಸ್ ಅಂತ ಬಾಡಿಗೆ ರೂಮುಗಳಿರುತ್ತವೆ, ಹುಡುಗಿಯರಿಗೇ ಬೇರೆ, ಹುಡುಗರಿಗೇ ಬೇರೆ. ನನ್ನದಕ್ಕೆ ತಿಂಗಳಿಗೆ ಹತ್ತು ಲಕ್ಷ ರುಪಿಯಾ, ಅಂದರೆ ಆಗ ನಮ್ಮ ಐದೂವರೆ ಸಾವಿರದಷ್ಟು. ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಿದ್ದರು. ಮನೆ ಒಡತಿಯನ್ನು ಇಬು ಕೋಸ್ ಅನ್ನೋದು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟಿದ್ದು, ಬಾಗಿಲ ಹೊರಗೆ ಚಪ್ಪಲಿ ಇಲ್ಲದಿದ್ದರೆ ಫೋನ್ ಮಾಡುತ್ತಿದ್ದಿದ್ದು ಅವರೇ. ಅವರ ಜೊತೆ ಮಾತಾಡಲು ಭಾಷೆ ಬೇಕೇ ಬೇಕಿತ್ತು. ವಿದೇಶಿಯರಿಗೆ ಬಿಪಾ ಅಂತ ಭಾಷೆಯ ಕ್ಲಾಸುಗಳು ಅಲ್ಲಿ ಎಷ್ಟೋ ಯೂನಿವರ್ಸಿಟಿಗಳಲ್ಲಿ ಇವೆ. ಸೇರಿಕೊಳ್ಳಿ. ಇಂಗ್ಲಿಷಿನಲ್ಲೇ ಹೇಗೋ ನಡೆಯುತ್ತೆ ಅನ್ನುವವರ ಮಾತು ಕೇಳಬೇಡಿ. ಕ್ಲಾಸ್ ನಡೆಯುತ್ತೆ, ಬದುಕು ನಡೆಯಲ್ಲ.

ಒಂದು ಭಾನುವಾರ ಸಾಂಬಿಸಾರಿಗೆ ಹೋಗಿ ಬನ್ನಿ. ಹೆಸರುವಾಸಿ ಹಳೇ ದೇಗುಲಗಳಾದ ಪ್ರಂಬಾನನ್, ಬೊರೊಬುದುರ್‌ಗೆ ಹೇಗಿದ್ದರೂ ಹೋಗೇ ಹೋಗ್ತೀರಿ. ಸಾಂಬಿಸಾರಿ ಸಣ್ಣ ಶಿವನ ಗುಡಿ. 1966ರಲ್ಲಿ ಹೊಲದಲ್ಲಿ ರೈತನೊಬ್ಬನ ಗುದ್ದಲಿಗೆ ಕೆತ್ತಿದ ಕಲ್ಲು ತಾಗಿ ಪತ್ತೆಯಾಯಿತು. ಮೆರಾಪಿಯ ಬೂದಿ ಮಣ್ಣಿನಡಿ ಐದಾರು ಮೀಟರ್ ಆಳದಲ್ಲಿ ಹೂತುಹೋಗಿತ್ತು. ಈಗಲೂ ರಸ್ತೆ ಮಟ್ಟದಿಂದ ಮೆಟ್ಟಿಲಿಳಿದು ಹೋಗಬೇಕು. ಸಿವಿಲ್ ಓದುವವರು ನೋಡಲೇಬೇಕಾದ ಜಾಗ.

ಊಟದ ಬಗ್ಗೆ ನಮ್ಮಮ್ಮನೂ ಅತ್ತಿದ್ದರು. ತೆಂಪೆ (ಹುದುಗಿಸಿದ ಸೋಯಾಕಾಳಿನ ಗಟ್ಟಿ), ತಾಹು (ಸೋಯಾ ಪನೀರ್), ತರಕಾರಿಗೆ ಕಡಲೆಕಾಯಿ ಸಾರು ಹಾಕಿದ ಗಾಡೋಗಾಡೋ, ಪೆಚೆಲ್ ಎಲ್ಲ ಕಡೆ ಸಿಗುತ್ತವೆ. ಬುರ್ಜೋ ಅಂಗಡಿಗಳಲ್ಲಿ ಹೆಸರುಕಾಳು, ತೆಂಗಿನ ಹಾಲು, ಬೆಲ್ಲ ಹಾಕಿದ ಪಾಯಸ ಸಿಗುತ್ತದೆ, ನಮ್ಮ ಮನೆಯ ಹೆಸರುಬೇಳೆ ಪಾಯಸದ ಹಾಗೇ. ಎಚ್ಚರ ಬೇಕಾಗಿರೋದು ತೆರಾಸಿ ಬಗ್ಗೆ. ಅದು ಸಿಗಡಿಯ ಪೇಸ್ಟ್. ಸಾಂಬಾಲ್ ಚಟ್ನಿಯಲ್ಲಿ, ಕೆಲವು ತರಕಾರಿ ಸಾರಿನಲ್ಲೂ ಇರುತ್ತದೆ, ಕಣ್ಣಿಗೆ ಕಾಣಲ್ಲ. ಜೋಗ್ಜಾದ ಹೆಸರುವಾಸಿ ಗುಡೆಗ್ ಎಳೆ ಹಲಸಿನದೇ, ಆದರೆ ಪಕ್ಕದಲ್ಲಿ ಕೋಳಿ, ಮೊಟ್ಟೆ, ದನದ ಚರ್ಮದ ಪಲ್ಯ ಇರುತ್ತದೆ. ದಾಗಿಂಗ್ (ಮಾಂಸ) ಬೇಡ ಅಂದರೆ ದನದಂಥ ಮಾಂಸ ಮಾತ್ರ ಬೇಡ ಅಂದುಕೊಂಡು ಕೋಳಿ ಹಾಕುತ್ತಾರೆ. ಹಾಗಾಗಿ ಪೂರ್ತಿ ಹೇಳಿ: ತಿದಾಕ್ ಮಾಕಾನ್ ದಾಗಿಂಗ್, ಆಯಾಮ್, ಇಕಾನ್, ಉದಾಂಗ್, ತೆರಾಸಿ (ಮಾಂಸ, ಕೋಳಿ, ಮೀನು, ಸಿಗಡಿ, ತೆರಾಸಿ ತಿನ್ನಲ್ಲ). ಒಂದು ಸಣ್ಣ ರೈಸ್ ಕುಕ್ಕರ್ ಅಲ್ಲೇ ತಗೊಳ್ಳಿ, ಇಲ್ಲಿಂದ ಸಾರಿನ ಪುಡಿ ಒಯ್ಯಿರಿ. ಮುಗಿಯಿತು.

ಯುರೋಪಿಗೆ ಕಾಯಬೇಡಿ. ರೆಸ್ಯೂಮೆಯಲ್ಲಿ ಊರಿನ ಹೆಸರು ಚೆನ್ನಾಗಿ ಕಾಣಲಿ ಅಂತ ಯೋಚಿಸುತ್ತಿದ್ದೀರಿ, ಪ್ರಶ್ನೆಯಲ್ಲೇ ಗೊತ್ತಾಗುತ್ತೆ. ಇಂಟರ್‌ವ್ಯೂನಲ್ಲಿ ನನ್ನನ್ನು ಯಾರೂ ಯಾವ ದೇಶ ಅಂತ ಎರಡನೇ ಸಲ ಕೇಳಲಿಲ್ಲ. ಆ ಗೋಡೆ ಹೇಗೆ ನಿಲ್ಲುತ್ತೆ ಅಂತ ಕೇಳಿದರು. ಮಳೆ, ಗುಡ್ಡ, ಮಣ್ಣು, ಜನಸಂದಣಿ, ಕಮ್ಮಿ ದುಡ್ಡು, ಇವೆಲ್ಲ ನಮ್ಮಲ್ಲಿರುವ ಹಾಗೇ ಅಲ್ಲೂ ಇವೆ. ಅಲ್ಲಿ ಕಲಿತಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ವೀಸಾ ವಿಷಯದಲ್ಲಿ ಯಾರ ಮಾತೂ ಕೇಳಿ ಟೂರಿಸ್ಟ್ ವೀಸಾದಲ್ಲಿ ಹೋಗಬೇಡಿ. ಯೂನಿವರ್ಸಿಟಿ ಕೊಡುವ ಪತ್ರದ ಮೇಲೆ ಸ್ಟೂಡೆಂಟ್ ವೀಸಾವೇ ಮಾಡಿಸಿ. ಅವಧಿ ಮೀರಿದರೆ ದಿನಕ್ಕೆ ಹತ್ತು ಲಕ್ಷ ರುಪಿಯಾ ದಂಡ. ಇಳಿದ ತಕ್ಷಣ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲೇ ಫೋನಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಂದಾಯಿಸಿ, ಇಲ್ಲದಿದ್ದರೆ ಅಲ್ಲಿನ ಸಿಮ್ ಆ ಫೋನಿನಲ್ಲಿ ನಡೆಯದೇ ಹೋಗಬಹುದು.

ಫಾರ್ಮಿನ ವಿಷಯಕ್ಕೆ ಬಂದರೆ, ಐದು ಕೋರ್ಸ್ ಬೇಕಿದ್ದರೆ ಎಂಟಕ್ಕೆ ಒಪ್ಪಿಗೆ ತಗೊಂಡು ಹೋಗಿ. ಎಂಟೂ ಗಾಸಾಲ್‌ನಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತಾ ಅಂತ ಅಲ್ಲಿನ ಡಿಪಾರ್ಟ್‌ಮೆಂಟಿಗೇ ಮೇಲ್ ಮಾಡಿ ಕೇಳಿ, ವೆಬ್‌ಸೈಟ್ ನಂಬಬೇಡಿ. ಕೋಆರ್ಡಿನೇಟರ್ ಒಬ್ಬರ ಸಹಿ ಸಾಲದು, ಹೆಚ್‌ಒಡಿ ಮತ್ತು ಪರೀಕ್ಷಾ ವಿಭಾಗದ ಸೀಲ್ ಎರಡೂ ಇರಲಿ. ಅಲ್ಲಿನ ಗ್ರೇಡನ್ನು ನಮ್ಮ ಹತ್ತರ ಲೆಕ್ಕಕ್ಕೆ ಹೇಗೆ ತರುತ್ತಾರೆ ಅಂತ ಅದೇ ಕಾಗದದಲ್ಲಿ ಬರೆಸಿ, ಅವರದು ನಾಲ್ಕರ ಲೆಕ್ಕ. ಕೆಆರ್‌ಎಸ್ ಶುರುವಾಗುವುದಕ್ಕೆ ಒಂದು ವಾರ ಮುಂಚೆ ಅಲ್ಲಿರುವ ಹಾಗೆ ಟಿಕೆಟ್ ಮಾಡಿಸಿ. ಅಲ್ಲಿ ಏನಾದರೂ ಬದಲಾದರೆ ಅದೇ ದಿನ ಎರಡನೇ ಪುಟ ತುಂಬಿ, ಸ್ಕ್ಯಾನ್ ಮಾಡಿ, ಮೇಲ್‌ನಲ್ಲಿ ಕೋಆರ್ಡಿನೇಟರ್, ಹೆಚ್‌ಒಡಿ, ಪರೀಕ್ಷಾ ವಿಭಾಗ, ಮೂವರಿಗೂ ಕಳಿಸಿ. ಸಹಿ ಆಗಿ ವಾಪಸ್ ಬರುವ ತನಕ ದಿನಾ ಕೇಳುತ್ತಿರಿ, ಸಂಕೋಚ ಪಡಬೇಡಿ. ಕೋರ್ಸ್ ಬದಲಿಸಲು ಅಲ್ಲಿ ಕೊಡುವ ಸಮಯ ತುಂಬಾ ಕಮ್ಮಿ. ಅದು ಮುಗಿಯುವುದರೊಳಗೆ ಕಾಲೇಜಿನವರು ಬೇಡ ಅಂದರೂ ಪರವಾಗಿಲ್ಲ, ಬೇರೆ ಕೋರ್ಸ್ ಹಾಕಿಕೊಳ್ಳಲು ನಿಮಗಿನ್ನೂ ದಾರಿ ಇರುತ್ತದೆ.