ಪ್ರಾರ್ಥನೆಗೆ ಅಂತ ಹೇಳಿದ ಮಾತು

ಇದು ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ಅಕ್ಕ ಮತ್ತು ಅವರ ತಂಗಿಯ ಕಥೆ. ಬರೆಯುವ ಮುಂಚೆ ಇಬ್ಬರ ಒಪ್ಪಿಗೆಯನ್ನೂ ಕೇಳಿದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಂಗಿ ಒಂದು ಸಾಲು ಬೇಡ ಎಂದರು, ತೆಗೆದೆ. ಬೇರೆಯವರ ಗುಟ್ಟಿನ ಬಗ್ಗೆಯೇ ಬರೆಯುವಾಗ ಇಷ್ಟಾದರೂ ಮಾಡಬೇಕು ಅಲ್ವಾ?

ಅಕ್ಕನಿಗೆ ಐವತ್ತು ದಾಟಿದೆ. ಶುಕ್ರವಾರದ ಮನೆ ಪ್ರಾರ್ಥನೆ ನಡೆಸುವವರು. ತಂಗಿಯ ಮಗಳು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಳು. ತಂಗಿ ಫೋನಿನಲ್ಲಿ ಅತ್ತು, "ಯಾರಿಗೂ ಹೇಳಬೇಡ" ಎಂದಿದ್ದರು. ಆ ಶುಕ್ರವಾರವೇ ಅಕ್ಕ ಅದನ್ನು ಪ್ರಾರ್ಥನಾ ವಿಷಯವಾಗಿ ಇಟ್ಟರು. ರಾತ್ರಿ ವಾಟ್ಸಾಪ್ ಗ್ರೂಪಿಗೂ ಹಾಕಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಮೂವರು ಹೆಂಗಸರು ಹುಡುಗಿಯ ಕೈ ಹಿಡಿದು ಸಮಾಧಾನ ಹೇಳಿದರು. ಅವತ್ತಿನಿಂದ ತಂಗಿ ಮಾತು ಬಿಟ್ಟರು. ಅಕ್ಕ ನನ್ನ ಹತ್ತಿರ ಬರುವಾಗ ಎಂಟು ತಿಂಗಳಾಗಿತ್ತು.

ಮೊದಲ ಎರಡು ಭೇಟಿಗಳಲ್ಲಿ ಒಂದೇ ಮಾತು. "ನಾನು ಸುಳ್ಳು ಹೇಳಿಲ್ಲ ಮೇಡಂ. ಕೆಟ್ಟದ್ದು ಬಯಸಿಲ್ಲ. ಪ್ರಾರ್ಥನೆ ಮಾಡಿ ಅಂದೆ, ಅಷ್ಟೇ." ಅದು ನಿಜ ಎಂದೇ ನಾನು ನಂಬಿದೆ, ಈಗಲೂ ನಂಬುತ್ತೇನೆ. ಈ ಥರ ಬರುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಪ್ರೀತಿ ಇರುವವರೇ.

ಮೂರನೇ ಸಲ ಬಂದಾಗ, "ಅವತ್ತು ಹೇಗೆ ಪ್ರಾರ್ಥನೆ ಮಾಡಿದಿರಿ? ಅದೇ ಮಾತುಗಳಲ್ಲಿ ಒಮ್ಮೆ ಹೇಳಿ" ಎಂದೆ. ಅವರು ಸೆರಗನ್ನು ತಲೆ ಮೇಲೆ ಹೊದ್ದು ಕಣ್ಣು ಮುಚ್ಚಿದರು.

"ಕರ್ತನೇ, ನನ್ನ ತಂಗಿಯ ಮಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಅವಳ ಗಂಡ ಕುಡಿಯುವುದು ನಿನಗೆ ಗೊತ್ತು. ಅವಳ ಒಡವೆಯನ್ನು ಅತ್ತೆ ಇಟ್ಟುಕೊಂಡಿರುವುದು ನಿನಗೆ ಗೊತ್ತು. ಅವಳು ಒಂದೇ ಬ್ಯಾಗ್ ಹಿಡಿದು ಬಂದದ್ದು ನಿನಗೆ..."

ಅಲ್ಲಿಗೆ ನಿಂತರು. ಕಣ್ಣು ತೆರೆಯಲು ತುಂಬ ಹೊತ್ತು ಬೇಕಾಯಿತು. ನಾನು ಸುಮ್ನೆ ಕೂತಿದ್ದೆ. ಆಮೇಲೆ ಅವರೇ ಕೇಳಿದರು: "ಮೇಡಂ, ಎಲ್ಲಾ ದೇವರಿಗೆ ಗೊತ್ತಿದ್ದರೆ, ನಾನು ಇದನ್ನೆಲ್ಲ ಯಾರಿಗೆ ಹೇಳ್ತಿದ್ದೆ?"

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀವು ಬೇಡುವ ಮೊದಲೇ ನಿಮಗೆ ಏನು ಬೇಕು ಎಂದು ತಂದೆಗೆ ಗೊತ್ತು ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯ 6:8ರಲ್ಲಿದೆ. ಆ ವಿವರಗಳು ಬೇಕಿದ್ದದ್ದು ಪ್ರಾರ್ಥನೆಗೆ ಬಂದು ಚಾಪೆ ಮೇಲೆ ಕೂತಿದ್ದವರಿಗೆ.

ಮನಸ್ಸು ಅಷ್ಟು ಬೇಗ ಸೋಲುವುದಿಲ್ಲ. ಐದು ನಿಮಿಷದಲ್ಲಿ ಅವರು ಯಾಕೋಬ 5:16 ತೆಗೆದರು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಪ್ರಾರ್ಥಿಸಿ ಎಂದಿದೆಯಲ್ಲ? ಇದೆ. ಆದರೆ ಅಲ್ಲಿರುವುದು ನಿಮ್ಮ ಪಾಪ. ತಂಗಿಯ ಮನೆಯ ನೋವು ಅರಿಕೆ ಮಾಡಲು ನಿಮ್ಮದಲ್ಲ ಎಂದೆ. ಮಾರ್ಕ 2ನೇ ಅಧ್ಯಾಯದ ಆ ನಾಲ್ವರ ನೆನಪು ಮಾಡಿದೆ. ಕಪೆರ್ನೌಮಿನಲ್ಲಿ ಜನ ತುಂಬಿದ್ದ ಮನೆ. ಮಾಳಿಗೆ ಕಿತ್ತು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದರು. ಅವರು ಆಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಯೇಸು ಅವರ ನಂಬಿಕೆಯನ್ನು ನೋಡಿದನು, ಅಷ್ಟೇ ಇದೆ. ಯಾರನ್ನಾದರೂ ಪ್ರಾರ್ಥನೆಯಲ್ಲಿ ಹೊರುವುದೆಂದರೆ ನನಗೆ ಆ ನಾಲ್ವರೇ ಕಣ್ಣ ಮುಂದೆ ಬರುತ್ತಾರೆ.

ನಾನು ಕೊಟ್ಟ ಸಲಹೆ ಇದು. ತಂಗಿಗೆ ಉದ್ದದ ಮೆಸೇಜ್ ಬೇಡ, ಮನೆಗೇ ಹೋಗಿ. "ನೀನು ಬೇಡ ಅಂದಿದ್ದೆ, ನಾನು ಹೇಳಿದೆ, ತಪ್ಪಾಯಿತು" ಎನ್ನಿ. ಪ್ರಾರ್ಥನೆ ಎಂಬ ಪದ ಆ ದಿನ ಬಾಯಿಗೆ ಬರುವುದು ಬೇಡ. ಕ್ಷಮಿಸಿದೆ ಅನ್ನು ಎಂದು ಒತ್ತಾಯ ಮಾಡಬೇಡಿ. ಹುಡುಗಿಗೆ ಪ್ರತ್ಯೇಕವಾಗಿ ಕ್ಷಮೆ ಕೇಳಿ, ಅವಳ ಬದುಕು ಅದು. ಗ್ರೂಪಿನಲ್ಲಿ ಕ್ಷಮೆ ಕೇಳುತ್ತೇನೆ ಎಂದು ಅಕ್ಕ ಹೊರಟರು, ತಡೆದೆ. ಅಲ್ಲಿ ಕೇಳಿದರೆ ಕಥೆ ಇನ್ನೊಂದು ಸುತ್ತು ಹೊಡೆಯುತ್ತದೆ. ಹುಡುಗಿಗೆ ಇನ್ನೂ ಫೋನ್ ಮಾಡುತ್ತಿದ್ದ ಇಬ್ಬರಿಗೆ ಮಾತ್ರ, ನಿಲ್ಲಿಸಿ ಎಂದು ನೇರವಾಗಿ ಹೇಳಿ ಎಂದೆ.

ಪರಿಚಯದ ಸಭಾಪಾಲಕರೊಬ್ಬರು ಒಮ್ಮೆ, ಬೇರೆಯವರ ವಿವರ ಹೇಳಬೇಡಿ ಎಂದರೆ ಜನ ಪ್ರಾರ್ಥನೆ ಕೇಳುವುದನ್ನೇ ಬಿಡುತ್ತಾರೆ ಎಂದು ಬೇಸರ ಪಟ್ಟರು. ನನ್ನ ಅನುಭವ ಬೇರೆ. ಕೂಟದಲ್ಲಿ ಹೇಳಿದ್ದು ಹೊರಗೆ ಹೋಗುತ್ತದೆ ಎಂದು ಗೊತ್ತಾದಾಗಲೇ ಜನ ಬಾಯಿ ಮುಚ್ಚುತ್ತಾರೆ. "ನನ್ನ ಮನೆಯವರೊಬ್ಬರು ಕಷ್ಟದಲ್ಲಿದ್ದಾರೆ, ಪ್ರಾರ್ಥಿಸಿ" ಎಂದರೆ ಸಾಕು. ಇನ್ನೂ ಜಾಸ್ತಿ ಹೇಳಬೇಕಿದ್ದರೆ ಆ ಮನೆಯವರನ್ನು ಮೊದಲು ಕೇಳಿ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ 4:29 ಹೊಲಸು ಮಾತು ಬೇಡ ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಕೇಳುವವರಿಗೆ ಹಿತವಾಗುವ, ಕಟ್ಟುವ ಮಾತು ಬೇಕು ಎನ್ನುತ್ತದೆ.

ಒಂದು ವಿಷಯದಲ್ಲಿ ತಪ್ಪು ತಿಳಿಯಬಾರದು. ಹೊಡೆತ ಬಡಿತ ಇತ್ತೇ ಎಂದು ಮೊದಲ ದಿನವೇ ಕೇಳಿದ್ದೆ, ಇರಲಿಲ್ಲ. ಇದ್ದಿದ್ದರೆ ಸುಮ್ಮನಿರಿ ಎಂದು ಖಂಡಿತ ಹೇಳುತ್ತಿರಲಿಲ್ಲ. ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಕಾಪಾಡಬಲ್ಲವರಿಗೆ ಹೇಳುವುದು ಗುಟ್ಟು ರಟ್ಟು ಮಾಡಿದಂತಲ್ಲ. ಮನೆ ಮರ್ಯಾದೆ ಎಂದು ಏಟನ್ನು ಮುಚ್ಚಿಡಿ ಎನ್ನುವವರ ಜೊತೆ ನಾನಿಲ್ಲ.

ಅಕ್ಕ ಒಂದು ಮಂಗಳವಾರ ತಂಗಿಯ ಮನೆಗೆ ಹೋದರು. ತಂಗಿ ಬಾಗಿಲು ತೆರೆದರು. ಅಕ್ಕ ಹೇಳಬೇಕಾದದ್ದನ್ನು ನಿಂತಲ್ಲೇ ಹೇಳಿದರು. ತಂಗಿ ಏನೂ ಅನ್ನದೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಹುಡುಗಿ ಒಳಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಅಕ್ಕ ಕರೆಯಲೂ ಇಲ್ಲ, ಅವಳ ಬಗ್ಗೆ ವಿಚಾರಿಸಲೂ ಇಲ್ಲ. ಚಹಾ ಕುಡಿದು, ಮುಂದಿನ ಮಂಗಳವಾರ ಬರಲಾ ಎಂದು ಕೇಳಿ ಬಂದರು. ತಂಗಿ ಬಾ ಎಂದರಂತೆ.