ದಿನಕ್ಕೆ ಒಂದೇ ಒಂದು ಕರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 29. ನಾಲ್ಕು ವರ್ಷದಿಂದ ಫೋನಿನಲ್ಲಿ ಗ್ರಾಹಕರ ದೂರು ಕೇಳುವ ಕೆಲಸ. ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಗ್ರಾಹಕರನ್ನು ಬೈದರು. "ಮ್ಯೂಟ್ ಒತ್ತಿ ಬೈತೀನಿ ಮೇಡಂ. ಆಮೇಲೆ ಮ್ಯೂಟ್ ತೆಗೆದು, 'ನಿಮಗಾದ ತೊಂದರೆಗೆ ಕ್ಷಮೆ ಇರಲಿ' ಅಂತೀನಿ." ಆ ಸಾಲು ಹೇಳುವಾಗ ಅವರ ದನಿಯೇ ಬದಲಾಯಿತು. ನುಣುಪಾದ, ಯಾರದ್ದೂ ಅಲ್ಲದ ದನಿ.

ನಿದ್ದೆ ಕೆಡಿಸಿದ್ದು ಒಂದು ಕರೆ ಅಂತ ಗೊತ್ತಾಗಿದ್ದು ಎರಡನೇ ಭೇಟಿಯಲ್ಲಿ. ವಯಸ್ಸಾದವರೊಬ್ಬರು ಹೆಂಡತಿಯ ಹೆಸರಿನಲ್ಲಿದ್ದ ಖಾತೆ ಮುಚ್ಚಿಸಲು ಕರೆ ಮಾಡಿದ್ದರು. ಸ. ನಿಯಮದಂತೆ "ಖಾತೆದಾರರಿಗೇ ಫೋನ್ ಕೊಡಿ" ಅಂದರು. "ಅವಳು ತೀರಿಕೊಂಡಳಮ್ಮ" ಅಂದರು ಅವರು. ಬೇಕಾದ ಕಾಗದಪತ್ರಗಳ ಪಟ್ಟಿ ಓದಿ, ಕೊನೆಗೆ ರೂಢಿಯಂತೆ ಸ. "ನಿಮ್ಮ ದಿನ ಶುಭವಾಗಿರಲಿ" ಅಂದುಬಿಟ್ಟರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತಮ್ಮ."

"ಅವರು ಬೈದಿದ್ದರೆ ಚೆನ್ನಾಗಿತ್ತು" ಅಂದರು ಸ.

ಮನಸ್ಸಿನಲ್ಲಿ ಇಲ್ಲದ್ದನ್ನು ಸಂಬಳಕ್ಕಾಗಿ ದನಿಗೆ ತಂದುಕೊಳ್ಳುವುದೂ ದುಡಿಮೆಯೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರ ಕೆಲಸ ನೋಡಿ ಇದನ್ನು ವಿವರವಾಗಿ ಬರೆದರು. ತೋರಿಕೆಗೆ ನಗುವುದು ಒಂದು ಬಗೆ, ಎದುರಿನವರ ಪಾಡನ್ನು ಊಹಿಸಿಕೊಂಡು ನಿಜವಾಗಿ ಮರುಗುವುದು ಇನ್ನೊಂದು. ಸುಸ್ತು ಮಾಡುವುದು ಹೆಚ್ಚಾಗಿ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 'ಬರ್ನೌಟ್' ಕಾಯಿಲೆಯಲ್ಲ, ಕೆಲಸದಿಂದ ಬರುವ ಸ್ಥಿತಿ. ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ಕೈಲಾಗುತ್ತಿಲ್ಲ ಎಂಬ ಭಾವ ಅದರ ಮೂರು ಗುರುತು. ಸ. ಅವರಲ್ಲಿ ಮೊದಲ ಎರಡು ಎದ್ದು ಕಾಣುತ್ತಿದ್ದವು.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಕರೆ ಮಾಡಿದವರನ್ನು ನಿಮ್ಮ ತಂದೆ ಅಂದುಕೊಳ್ಳಿ" ಅಂದೆ. "ನಮ್ಮಪ್ಪನ ಹತ್ತಿರ ಮಾತು ಬಿಟ್ಟು ಎರಡು ವರ್ಷ ಆಯ್ತು ಮೇಡಂ" ಅಂದರು. ಇಬ್ಬರೂ ನಕ್ಕೆವು. ತರಬೇತಿಗಳಲ್ಲಿ ಕೇಳಿದ ಮಾತನ್ನು ನಾನೂ ಸುಮ್ನೆ ಒಪ್ಪಿಸಿದ್ದೆ, ಅಲ್ವಾ?

ಮುಂದಿನ ಸಲ ಬೇರೆ ಥರ ಕೇಳಿದೆ. ನೆನೆದರೆ ಖುಷಿಯಾಗುವ ಕರೆ ಯಾವುದಾದರೂ ಇದೆಯಾ? ಇತ್ತು. ಒಬ್ಬರ ದೂರು ಮೂರು ವಿಭಾಗ ಸುತ್ತಿ ಇವರ ಬಳಿ ಬಂದಿತ್ತು. ಸ. ತಮ್ಮ ಬಿಡುವಿನಲ್ಲಿ ಅದನ್ನು ಹಿಂಬಾಲಿಸಿ, ಸರಿಮಾಡಿಸಿ, ಕಂಪನಿಯ ಫೋನಿನಿಂದಲೇ ತಿರುಗಿ ಕರೆ ಮಾಡಿ ತಿಳಿಸಿದ್ದರು. ಯಾಕೆ ಮಾಡಿದಿರಿ? "ಯಾರೂ ಮಾಡು ಅಂತ ಹೇಳಿರಲಿಲ್ಲ, ಅದಕ್ಕೇ ಇರಬೇಕು."

ನನ್ನ ಸಲಹೆ ಆ ಉತ್ತರದಿಂದಲೇ ಹುಟ್ಟಿತು. ಎಲ್ಲ ಕರೆಗಳಿಗೂ ಮನಸ್ಸು ಕೊಡಲು ಹೋಗಬೇಡಿ, ಆಗದ ಮಾತು. ದಿನಕ್ಕೆ ಒಂದು ಕರೆ ಆರಿಸಿಕೊಳ್ಳಿ. ಅದನ್ನು ಚೆನ್ನಾಗಿ ಮಾಡುವುದು ಕಂಪನಿಗಾಗಿ ಅಲ್ಲ, ಕರೆಗಳಿಗೆ ಅವರು ಕೊಡುವ ಅಂಕಕ್ಕಾಗಿಯೂ ಅಲ್ಲ, ನಿಮ್ಮ ಇಷ್ಟ. ಕಡ್ಡಾಯದ ಸಾಲುಗಳು ಇರಲಿ, ಆದರೆ ಅವುಗಳಿಗೆ ಮೊದಲು ಗ್ರಾಹಕರ ತೊಂದರೆಯನ್ನು ನಿಮ್ಮದೇ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. ಸರಿಯಾಗಿ ಕೇಳಿಸಿಕೊಂಡಿರಾ ಅನ್ನುವುದು ಇಬ್ಬರಿಗೂ ಅಲ್ಲೇ ಗೊತ್ತಾಗುತ್ತದೆ. ಹೊಲಸು ಬೈಗುಳ ಸಹಿಸುವುದು ಒಳ್ಳೆಯ ಸೇವೆಯಲ್ಲ. ಒಮ್ಮೆ ಎಚ್ಚರಿಸಿ, ಮೇಲಿನವರಿಗೆ ದಾಟಿಸಿ. ಸಾವಿನ ಕರೆಗಳಿಗೆ ಗಡಿಯಾರ ನೋಡಿ ಅಂಕ ಕೊಡಬೇಡಿ ಎಂದು ಟೀಮ್ ಲೀಡರ್‌ಗೆ ಬರೆದುಕೊಡಿ.

ಆ ಹಿರಿಯರಿಗೆ ಕರೆ ಮಾಡಿ ಕ್ಷಮೆ ಕೇಳಬೇಕು ಅಂತಿದ್ದರು. ಸ್ವಂತ ಸಮಾಧಾನಕ್ಕೆ ಗ್ರಾಹಕರ ನಂಬರ್ ತೆಗೆಯುವುದು ಸರಿಯಲ್ಲ ಎಂದೆ. ಅವರಿಗೆ ಬೇಸರವಾಯಿತು.

ಐದನೇ ಭೇಟಿ. ನಿದ್ದೆ ಪರವಾಗಿಲ್ಲ. ಮ್ಯೂಟ್ ಒತ್ತಿ ಬೈಯುವುದು ಪೂರ್ತಿ ನಿಂತಿಲ್ಲ. ಅಂಕ ಸ್ವಲ್ಪ ಇಳಿದಿದೆ. ಸಾವಿನ ಕರೆಗಳ ಬಗ್ಗೆ ಟೀಮ್ ಲೀಡರ್ ಇನ್ನೂ ಏನೂ ಹೇಳಿಲ್ಲವಂತೆ. "ಆದರೂ ಅಂಥ ಕರೆಯಲ್ಲಿ ಈಗ ಶುಭದಿನ ಹೇಳಲ್ಲ ಮೇಡಂ. ಅವರು ಫೋನ್ ಇಡೋವರೆಗೂ ನಾನು ಇಡಲ್ಲ, ಅಷ್ಟೆ."