ಪ್ರತಿಕ್ರಿಯೆ: ವರ್ಚುವಲ್‌ಬಾಕ್ಸ್ ವಿಂಡೋಸ್‌ನಿಂದ ಉಬುಂಟುವಿನ ಪ್ರಿಂಟರ್‌ಗೆ

ಉಬುಂಟುವಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದನ್ನು ಓಡಿಸೋ ತಂತ್ರಾಂಶ) ಹಾಕಿ ವಿಂಡೋಸ್ ಓಡಿಸ್ತಿದ್ದೀರಿ, ಆ ವಿಂಡೋಸ್‌ನಿಂದ ಉಬುಂಟುವಿನ ಪ್ರಿಂಟರ್‌ಗೆ ಪ್ರಿಂಟ್ ಕೊಡೋದು ಹೇಗೆ ಅಂತ ಕೇಳಿದ್ದೀರಿ. ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಮೆನುವಿನಲ್ಲಿ ಪ್ರಿಂಟರ್‌ಗೆ ಟಿಕ್ ಹಾಕಿದ ಕೂಡಲೇ ಉಬುಂಟುವಿನಲ್ಲಿ ಅದು ಮಾಯವಾಗುತ್ತೆ ಅಂದಿದ್ದೀರಿ. ಅದು ದೋಷ ಅಲ್ಲ ಸರ್, ಯುಎಸ್‌ಬಿ ಸಾಧನ ಒಂದು ಸಲಕ್ಕೆ ಒಬ್ಬರ ಕೈಯಲ್ಲೇ ಇರೋದು. ಮೊದಲು ಆ ಟಿಕ್ ತೆಗೀರಿ, ನೆಟ್‌ವರ್ಕ್ ಮೂಲಕ ಹಂಚಿಕೊಳ್ಳಿ.

ವಿಎಂ (ವರ್ಚುವಲ್‌ಬಾಕ್ಸ್‌ನೊಳಗಿನ ವಿಂಡೋಸ್) ಆಫ್ ಮಾಡಿ, ಅದರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎರಡನೇ ಅಡಾಪ್ಟರ್ ಆಗಿ ಹೋಸ್ಟ್-ಓನ್ಲಿ (ಹೋಸ್ಟ್, ಅಂದರೆ ನಿಮ್ಮ ಉಬುಂಟು, ಮತ್ತು ವಿಎಂ ನಡುವಿನ ಖಾಸಗಿ ನೆಟ್‌ವರ್ಕ್) ಸೇರಿಸಿ. ಮೊದಲನೆಯದು ನ್ಯಾಟ್ ಆಗಿಯೇ ಇರಲಿ, ಇಂಟರ್ನೆಟ್‌ಗೆ ಬೇಕು. ಉಬುಂಟುವಿನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:631 ತೆರೆದರೆ ಕಪ್ಸ್ (ಉಬುಂಟುವಿನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳೋ ತಂತ್ರಾಂಶ) ಪುಟ ಬರುತ್ತೆ. ಅಡ್ಮಿನಿಸ್ಟ್ರೇಶನ್‌ನಲ್ಲಿ ಪ್ರಿಂಟರ್ ಹಂಚಿಕೆಗೆ ಟಿಕ್ ಹಾಕಿ. ಆ ಪ್ರಿಂಟರ್‌ನ ಸೆಟ್ಟಿಂಗ್‌ನಲ್ಲೂ ಶೇರ್ ಆನ್ ಇರಬೇಕು, ಬಹಳ ಜನ ಮರೆಯೋದು ಇದನ್ನೇ.

ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ 'ಹೆಸರಿನಿಂದ ಆರಿಸಿ' ಅನ್ನೋ ಆಯ್ಕೆಗೆ ಹೋಗಿ ಎಚ್‌ಟಿಟಿಪಿ ವಿಳಾಸ ಕೊಡಿ: 192.168.56.1:631, ಓರೆಗೆರೆ (/), ಪ್ರಿಂಟರ್ಸ್ (ಇಂಗ್ಲಿಷ್‌ನಲ್ಲಿ), ಮತ್ತೆ ಓರೆಗೆರೆ, ಕೊನೆಗೆ ಪ್ರಿಂಟರ್ ಹೆಸರು. ಹೋಸ್ಟ್-ಓನ್ಲಿಯಲ್ಲಿ ಹೋಸ್ಟ್‌ನ ಐಪಿ ಸಾಮಾನ್ಯವಾಗಿ ಅದೇ. ಹೆಸರನ್ನು ಮಾತ್ರ ಕಪ್ಸ್ ಪುಟದಿಂದಲೇ ನೋಡಿ ಬರೀರಿ. ಅಲ್ಲಿ ಖಾಲಿ ಜಾಗ ಇರಲ್ಲ, ಅಡ್ಡಗೆರೆ (- ಅಥವಾ _) ಇರುತ್ತೆ. ನಾನು ಡಬ್ಬಿ ಮೇಲಿದ್ದ ಹೆಸರು ಟೈಪ್ ಮಾಡಿ ಅರ್ಧ ದಿನ ಕಳೆದೆ.

ಡ್ರೈವರ್ ಕೇಳಿದರೆ ಮೈಕ್ರೋಸಾಫ್ಟ್‌ನ ಪಿಎಸ್ ಕ್ಲಾಸ್ ಡ್ರೈವರ್ ಆರಿಸಿ. ಪಿಎಸ್ ಅಂದರೆ ಪೋಸ್ಟ್‌ಸ್ಕ್ರಿಪ್ಟ್, ಪುಟವನ್ನು ವಿವರಿಸೋ ಒಂದು ಪ್ರಿಂಟಿಂಗ್ ಭಾಷೆ. ವಿಂಡೋಸ್‌ನಿಂದ ಅದು ಬಂದರೆ ಸಾಕು, ನಿಮ್ಮ ಪ್ರಿಂಟರ್‌ನ ಭಾಷೆಗೆ ಕಪ್ಸೇ ಬದಲಾಯಿಸಿಕೊಳ್ಳುತ್ತೆ. ಆದರೂ ಕನೆಕ್ಟ್ ಆಗದಿದ್ದರೆ ಉಬುಂಟುವಿನ ಫೈರ್‌ವಾಲ್‌ನಲ್ಲಿ 631ನೇ ಪೋರ್ಟ್ ತೆರೆದಿದೆಯಾ ನೋಡಿ.